ಕಾರಿನ ಸನ್‌ರೂಫ್ ಗಾಜಿನ ಬದಲಾವಣೆ

ಕಾರಿನ ಸನ್‌ರೂಫ್ ಗಾಜಿನ ಬದಲಾವಣೆ ಎಂದರೆ ವಾಹನದ ಮೇಲ್ಛಾವಣಿಯಲ್ಲಿ ಅಳವಡಿಸಿರುವ ಗಾಜಿನ ಫಲಕವು ಒಡೆದಾಗ ಅಥವಾ ಬಿರುಕುಬಿಟ್ಟಾಗ ಅದನ್ನು ತೆಗೆದು, ಅದೇ ಮಾದರಿಯ ಹೊಸ ಫಲಕವನ್ನು ಕೂರಿಸುವ ದುರಸ್ತಿ ಕಾರ್ಯ. ಮುಂಭಾಗದ ಗಾಜಿನಲ್ಲಿ ಉಂಟಾಗುವ ಸಣ್ಣ ಚಕ್ಕೆಯನ್ನು ರಾಳ ತುಂಬಿ ಸರಿಪಡಿಸಬಹುದಾದರೂ, ಬಹುತೇಕ ಸನ್‌ರೂಫ್ ಗಾಜುಗಳಿಗೆ ಅಂತಹ ದುರಸ್ತಿ ಸಾಧ್ಯವಿಲ್ಲ. ಫಲಕವನ್ನು ಇಡಿಯಾಗಿ ಬದಲಿಸಬೇಕಾಗುತ್ತದೆ. ಈ ಲೇಖನವು ದುರಸ್ತಿಯ ಸಾಮಾನ್ಯ ವಿಧಾನವನ್ನೂ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಅದಕ್ಕೆ ಸಂಬಂಧಿಸಿದ ವಿಶೇಷ ಸಂಗತಿಗಳನ್ನೂ ವಿವರಿಸುತ್ತದೆ.

ಹಿನ್ನೆಲೆ

ಅಮೆರಿಕದ ನ್ಯಾಶ್ ಕಂಪನಿಯು 1937ರಲ್ಲಿ ತನ್ನ ಕಾರುಗಳಲ್ಲಿ ಸರಿಸಬಹುದಾದ ಛಾವಣಿಯನ್ನು ಒದಗಿಸಿತು. ಆ ಕಾಲದ ಫಲಕವು ಲೋಹದ್ದಾಗಿತ್ತು. ಗಾಜಿನ ಫಲಕ ರೂಢಿಗೆ ಬಂದದ್ದು ದಶಕಗಳ ನಂತರ. ಭಾರತದಲ್ಲಿ ಬಹುಕಾಲ ದುಬಾರಿ ಕಾರುಗಳಿಗಷ್ಟೇ ಸೀಮಿತವಾಗಿದ್ದ ಈ ಸೌಲಭ್ಯವು 2017ರ ಹೋಂಡಾ ಡಬ್ಲ್ಯೂಆರ್-ವಿ, 2018ರ ಹುಂಡೈ ಕ್ರೆಟಾ, 2019ರ ಎಂಜಿ ಹೆಕ್ಟರ್, 2022ರ ಮಾರುತಿ ಸುಜುಕಿ ಬ್ರೆಜಾ ಮುಂತಾದವುಗಳ ಮೂಲಕ ಮಧ್ಯಮ ವರ್ಗದ ಮನೆಗಳನ್ನು ತಲುಪಿತು. 2023ರಲ್ಲಿ ಬಂದ ಹುಂಡೈ ಎಕ್ಸ್‌ಟರ್‌ನಂತಹ ಚಿಕ್ಕ ಕಾರಿನಲ್ಲಿಯೂ ಸನ್‌ರೂಫ್ ಇದೆ. ಹೀಗಾಗಿ ಹಿಂದೆ ಮಹಾನಗರಗಳ ಸರ್ವಿಸ್ ಕೇಂದ್ರಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಕೆಲಸವು ಈಗ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳ ಬಾಗಿಲಿಗೂ ಬಂದಿದೆ.

ಸನ್‌ರೂಫ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಒಂದೇ ಗಾಜು ಹಳಿಗಳ ಮೇಲೆ ಹಿಂದಕ್ಕೆ ಸರಿಯುತ್ತದೆ. ಎರಡನೆಯದು ಪನೋರಮಿಕ್ ಬಗೆ. ಅದರಲ್ಲಿ ಸಾಮಾನ್ಯವಾಗಿ ಮುಂದಿನ ಗಾಜು ಸರಿಯುತ್ತದೆ, ಹಿಂದಿನದು ಅಂಟಿನಿಂದ ಸ್ಥಿರವಾಗಿ ಕೂತಿರುತ್ತದೆ. ಬದಲಾವಣೆಯ ಶ್ರಮ ಮತ್ತು ಅವಧಿ ಎರಡೂ ಈ ವ್ಯತ್ಯಾಸವನ್ನು ಅವಲಂಬಿಸಿವೆ.

ಗಾಜಿನ ಗುಣ ಮತ್ತು ಒಡೆಯುವ ಕಾರಣಗಳು

ಹೆಚ್ಚಿನ ಸನ್‌ರೂಫ್‌ಗಳಲ್ಲಿ ಟಫನ್ಡ್ ಗಾಜನ್ನು ಬಳಸಲಾಗುತ್ತದೆ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಬಲವಾದ ಗಾಳಿಯಿಂದ ಥಟ್ಟನೆ ತಣಿಸಿದಾಗ ಹೊರಪದರವು ಮೊದಲು ಗಟ್ಟಿಯಾಗುತ್ತದೆ. ಒಳಭಾಗವು ನಿಧಾನವಾಗಿ ಕುಗ್ಗುತ್ತಾ ಹೊರಪದರವನ್ನು ಒಳಕ್ಕೆ ಎಳೆಯುತ್ತದೆ. ಇದರಿಂದ ಮೇಲ್ಮೈಯಲ್ಲಿ ಒತ್ತಡವೂ ಒಳಗೆ ಎಳೆತವೂ ಶಾಶ್ವತವಾಗಿ ಉಳಿಯುತ್ತವೆ. ಸಾಮಾನ್ಯ ಗಾಜಿಗಿಂತ ಇದು ನಾಲ್ಕೈದು ಪಟ್ಟು ಬಲಶಾಲಿ. ಆದರೆ ಬಿರುಕು ಒಮ್ಮೆ ಒಳಗಿನ ಎಳೆತದ ಪದರವನ್ನು ಮುಟ್ಟಿತೆಂದರೆ ಅಡಗಿದ್ದ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗಿ, ಇಡೀ ಫಲಕವು ಗುಂಡು ಹಾರಿದಂತಹ ಸದ್ದಿನೊಡನೆ ಸಣ್ಣ ಹರಳುಗಳಾಗಿ ಉದುರುತ್ತದೆ. ಹರಳುಗಳ ಅಂಚು ಮೊಂಡಾಗಿರುವುದರಿಂದ ಆಳವಾದ ಗಾಯಗಳಾಗುವುದು ವಿರಳ. ಕಣ್ಣಿಗೆ ಬಿದ್ದರೆ ಮಾತ್ರ ಅಪಾಯವಿದೆ.

ಇದೇ ಕಾರಣದಿಂದ ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಅಥವಾ ಕೊರೆಯಲು ಬರುವುದಿಲ್ಲ. ಕಿಟಕಿ, ಕಪಾಟುಗಳಿಗೆ ಗಾಜು ಕತ್ತರಿಸಿ ಕೊಡುವ ಊರಿನ ಅಂಗಡಿಯಲ್ಲಿ ಸನ್‌ರೂಫ್ ಗಾಜನ್ನು ಮಾಡಿಸಲಾಗದಿರುವುದು ಅಂಗಡಿಯವನ ಕೌಶಲದ ಕೊರತೆಯಿಂದಲ್ಲ. ಆಕಾರ, ಬಾಗು, ಅಂಚಿನ ಉಜ್ಜುವಿಕೆ ಎಲ್ಲವೂ ಹದಗೊಳಿಸುವ ಮೊದಲೇ ಕಾರ್ಖಾನೆಯಲ್ಲಿ ಮುಗಿದಿರಬೇಕು.

ಗಾಜು ಒಡೆಯಲು ಹೊರಗಿನ ಹೊಡೆತವೇ ಸಾಮಾನ್ಯ ಕಾರಣ: ಮುಂದೆ ಹೋಗುವ ಟಿಪ್ಪರಿನಿಂದ ಉರುಳಿದ ಜಲ್ಲಿಕಲ್ಲು, ಮುರಿದು ಬಿದ್ದ ಕೊಂಬೆ, ತೆಂಗಿನಕಾಯಿ, ಏಪ್ರಿಲ್-ಮೇ ತಿಂಗಳುಗಳ ಆಲಿಕಲ್ಲು ಮಳೆ. ಗಾಜಿನ ಅಂಚು ಅದರ ದುರ್ಬಲ ಭಾಗ. ಅಲ್ಲಿ ಬಿದ್ದ ಸಣ್ಣ ಗೀರು ವಾರಗಳ ಬಳಿಕ ಯಾವುದೋ ಗುಂಡಿಯಲ್ಲಿ ಕಾರು ಕುಲುಕಿದಾಗ ಒಡೆತವಾಗಿ ಪರಿಣಮಿಸಬಹುದು. ಅಪರೂಪಕ್ಕೆ, ತಯಾರಿಕೆಯ ವೇಳೆ ಗಾಜಿನೊಳಗೆ ಸೇರಿಕೊಂಡ ನಿಕಲ್ ಸಲ್ಫೈಡ್ ಕಣವು ಕಾಲಕ್ರಮೇಣ ತನ್ನ ಸ್ಫಟಿಕ ರೂಪವನ್ನು ಬದಲಿಸಿ, ಗಾತ್ರದಲ್ಲಿ ಶೇಕಡಾ 2ರಿಂದ 4ರಷ್ಟು ಹಿಗ್ಗಿ, ನಿಂತಿರುವ ಕಾರಿನ ಗಾಜನ್ನೂ ಒಡೆಯಬಲ್ಲದು. ಅಳವಡಿಕೆಯ ದೋಷವೂ ಕಾರಣವಾಗುವುದುಂಟು. 2012ರ ಡಿಸೆಂಬರ್‌ನಲ್ಲಿ ಹುಂಡೈ ಕಂಪನಿಯು ಅಮೆರಿಕದಲ್ಲಿ ಸುಮಾರು 13,500 ವೆಲೋಸ್ಟರ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಕಾರ್ಖಾನೆಯಲ್ಲಿ ಕೂರಿಸುವಾಗಲೇ ಅವುಗಳ ಪನೋರಮಿಕ್ ಗಾಜು ದುರ್ಬಲಗೊಂಡಿರಬಹುದೆಂಬುದು ಅದಕ್ಕೆ ಕಾರಣವಾಗಿತ್ತು.

ಬೇಸಿಗೆಯ ಬಿಸಿಲೇ ಗಾಜನ್ನು ಒಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆರೋಗ್ಯವಂತ ಟಫನ್ಡ್ ಗಾಜು ಸುಮಾರು 200 ಡಿಗ್ರಿಯಷ್ಟು ತಾಪಮಾನ ವ್ಯತ್ಯಾಸವನ್ನು ತಡೆದುಕೊಳ್ಳಬಲ್ಲದು. ಸವದತ್ತಿಯ ಬಿರುಬೇಸಿಗೆಯಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೂ ಈ ವ್ಯತ್ಯಾಸ ಅದರ ಅರ್ಧಕ್ಕೂ ಬರುವುದಿಲ್ಲ. ಬಿಸಿಲು ಒಡೆಯುವುದು ಈಗಾಗಲೇ ಅಂಚಿನಲ್ಲಿ ಗಾಯಗೊಂಡ ಗಾಜನ್ನು.

ಒಡೆದ ತಕ್ಷಣ ಕೈಗೊಳ್ಳುವ ಕ್ರಮ

ಚಲಿಸುತ್ತಿರುವಾಗ ಗಾಜು ಒಡೆದರೆ ಒಮ್ಮೆಲೇ ಬ್ರೇಕ್ ಹಾಕದೆ ವೇಗ ತಗ್ಗಿಸಿ, ರಸ್ತೆಯ ಬದಿಗೆ ನಿಲ್ಲಿಸಬೇಕು. ಒಳಗಿನ ಪರದೆಯು ಮುಚ್ಚಿದ್ದರೆ ಅದನ್ನು ಹಾಗೆಯೇ ಬಿಡಬೇಕು, ಹರಳುಗಳನ್ನು ಅದೇ ತಡೆದಿರುತ್ತದೆ. ಸನ್‌ರೂಫ್‌ನ ಗುಂಡಿಯನ್ನು ಒತ್ತಿ ತೆರೆಯಲು ಪ್ರಯತ್ನಿಸುವುದು ಸಾಮಾನ್ಯ ತಪ್ಪು. ಹರಳುಗಳು ಹಳಿಯೊಳಗೆ ಜಾರಿ, ಗಾಜನ್ನು ಎಳೆಯುವ ತಂತಿಗಳನ್ನು ಹಾಳುಮಾಡಿದರೆ ಗಾಜಿನ ಜೊತೆಗೆ ಇಡೀ ಚೌಕಟ್ಟನ್ನೇ ಬದಲಿಸಬೇಕಾದೀತು, ಮತ್ತು ಚೌಕಟ್ಟಿನ ಬೆಲೆ ಗಾಜಿಗಿಂತ ಬಹಳ ಹೆಚ್ಚು.

ವಿಮೆ ಪಡೆಯುವ ಉದ್ದೇಶವಿದ್ದರೆ ಸ್ವಚ್ಛಗೊಳಿಸುವ ಮೊದಲೇ ಛಾಯಾಚಿತ್ರಗಳನ್ನು ತೆಗೆದಿಡುವುದು ಒಳಿತು. ನಂತರ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೆರಪಿನ ಮೇಲೆ ಹಾಸಿ, ಒಣಗಿದ ಲೋಹದ ಮೇಲೆ ಅಂಟುಪಟ್ಟಿಯಿಂದ ಬಿಗಿದು, ನಿಧಾನವಾಗಿ ದುರಸ್ತಿಯ ಸ್ಥಳಕ್ಕೆ ಒಯ್ಯಬಹುದು. ಹೆದ್ದಾರಿಯ ವೇಗದಲ್ಲಿ ಈ ಹಾಳೆ ನಿಲ್ಲುವುದಿಲ್ಲ.

ಬದಲಾವಣೆಯ ವಿಧಾನ

ಸರಿಯುವ ಗಾಜು ಸಾಮಾನ್ಯವಾಗಿ ಎರಡೂ ಬದಿಗಳಲ್ಲಿ ನಾಲ್ಕರಿಂದ ಆರು ಟಾರ್ಕ್ಸ್ ಸ್ಕ್ರೂಗಳಿಂದ ಯಾಂತ್ರಿಕ ತೋಳುಗಳಿಗೆ ಬಿಗಿದಿರುತ್ತದೆ. ಮೊದಲು ಕೈಗವಸು ಮತ್ತು ಕನ್ನಡಕ ಧರಿಸಿ, ವ್ಯಾಕ್ಯೂಮ್ ಕ್ಲೀನರಿನಿಂದ ಹಳಿ, ನೀರಿನ ತಟ್ಟೆ, ಆಸನಗಳ ಸಂದು, ಗಾಳಿಯ ಕಿಂಡಿಗಳಲ್ಲಿರುವ ಹರಳುಗಳನ್ನೆಲ್ಲ ಹೀರಬೇಕು. ಕೆಲಸದ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಈ ಹಂತವೇ ತೆಗೆದುಕೊಳ್ಳುವುದುಂಟು. ಅವಸರದಲ್ಲಿ ಮುಗಿಸಿದರೆ ಉಳಿದ ಒಂದೆರಡು ಹರಳುಗಳು ತಿಂಗಳ ನಂತರ ಹೊಸ ಗಾಜಿನ ಅಂಚನ್ನೇ ಕೊರೆಯುತ್ತವೆ. ಬಳಿಕ ಸ್ಕ್ರೂಗಳನ್ನು ಬಿಚ್ಚಿ ಹಳೆಯ ಚೌಕಟ್ಟನ್ನು ಮೇಲಕ್ಕೆ ಎತ್ತಿ ತೆಗೆಯಲಾಗುತ್ತದೆ.

ಹೊಸ ಗಾಜನ್ನು ಇಬ್ಬರು ಹಿಡಿದು ಮೇಲಿನಿಂದ ಇಳಿಸಿ, ಸ್ಕ್ರೂಗಳನ್ನು ಸಡಿಲವಾಗಿ ಹಾಕಿ, ಎತ್ತರವನ್ನು ಹೊಂದಿಸಬೇಕು. ಗಾಜಿನ ಮುಂದಿನ ಅಂಚು ಛಾವಣಿಯ ಸಮಕ್ಕೆ ಅಥವಾ ಕೂದಲೆಳೆಯಷ್ಟು ಕೆಳಗೆ, ಹಿಂದಿನ ಅಂಚು ಸಮಕ್ಕೆ ಅಥವಾ ಅಷ್ಟೇ ಮೇಲೆ ಇರಬೇಕೆಂಬುದು ಸಾಮಾನ್ಯ ನಿಯಮ. ತಿರುವುಮುರುವಾದರೆ ವೇಗದಲ್ಲಿ ಗಾಳಿ ಸೀಟಿ ಹೊಡೆಯುತ್ತದೆ. ನಿಖರ ಅಳತೆಯೂ ಸ್ಕ್ರೂ ಬಿಗಿಯುವ ಬಲವೂ ಪ್ರತಿ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿರುತ್ತವೆ. ಅತಿಯಾಗಿ ಬಿಗಿದರೆ ಗಾಜಿನ ಮೇಲೆ ತಿರುಚುವ ಒತ್ತಡ ಬೀಳುತ್ತದೆ.

ಆ ನಂತರ ಮೋಟಾರಿಗೆ ಹೊಸ ಸ್ಥಾನವನ್ನು ಕಲಿಸಬೇಕು. ಬಹುತೇಕ ಕಾರುಗಳಲ್ಲಿ ಮುಚ್ಚುವ ಗುಂಡಿಯನ್ನು ನಿಗದಿತ ಸಮಯದವರೆಗೆ ಒತ್ತಿ ಹಿಡಿದಾಗ ಗಾಜು ತಾನಾಗಿಯೇ ಒಮ್ಮೆ ಪೂರ್ಣವಾಗಿ ತೆರೆದು ಮುಚ್ಚಿಕೊಳ್ಳುತ್ತದೆ. ಈ ಹಂತವನ್ನು ಬಿಟ್ಟರೆ, ಮುಚ್ಚುವಾಗ ಕೈಬೆರಳು ಸಿಕ್ಕಿಕೊಂಡರೆ ಗಾಜನ್ನು ಹಿಂದಕ್ಕೆ ಸರಿಸುವ ರಕ್ಷಣಾ ವ್ಯವಸ್ಥೆಯು ಸರಿಯಾಗಿ ಕೆಲಸ ಮಾಡದಿರಬಹುದು. ಮಕ್ಕಳಿರುವ ಮನೆಯ ಕಾರಿನಲ್ಲಿ ಇದು ಸಣ್ಣ ವಿಷಯವಲ್ಲ.

ಪನೋರಮಿಕ್ ಸನ್‌ರೂಫ್‌ನ ಸ್ಥಿರ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಕೂರಿಸಲಾಗುತ್ತದೆ. ಹಳೆಯ ಅಂಟನ್ನು ತಂತಿ ಅಥವಾ ಅಲುಗಿನಿಂದ ಕತ್ತರಿಸಿ, ಬಣ್ಣ ಕಿತ್ತುಹೋದ ಕಡೆ ಪ್ರೈಮರ್ ಹಚ್ಚಿ, ಹೊಸ ಅಂಟನ್ನು ಒಂದೇ ಎಳೆಯಾಗಿ ಎಳೆಯಬೇಕು. ಈ ಅಂಟು ಗಾಳಿಯ ತೇವಾಂಶವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಒಣಹವೆಯ ದಿನಗಳಲ್ಲಿ ತಯಾರಕರು ಸೂಚಿಸಿದ ಅವಧಿಗಿಂತ ಮೊದಲೇ ಕಾರನ್ನು ರಸ್ತೆಗಿಳಿಸುವುದು ಅಪಾಯಕಾರಿ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರಬಹುದು. ಅಂಟಿನ ಬದಲು ಸ್ನಾನಗೃಹಕ್ಕೆ ಬಳಸುವ ಸಿಲಿಕೋನನ್ನು ಹಚ್ಚುವುದು ಯಾವ ಕಾರಣಕ್ಕೂ ಸಲ್ಲದು. ಒಳಹೊದಿಕೆಯನ್ನು ಇಳಿಸುವ ಅಗತ್ಯ ಬಿದ್ದರೆ, ಛಾವಣಿಯ ಅಂಚಿನಲ್ಲಿ ಪರದೆ ಏರ್‌ಬ್ಯಾಗ್‌ಗಳು ಇರುವುದರಿಂದ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಕೆಲಸ ಆರಂಭಿಸಬೇಕು.

ನೀರಿನ ಪರೀಕ್ಷೆ

ಸನ್‌ರೂಫ್‌ನ ರಬ್ಬರ್ ಪಟ್ಟಿಯು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಸ್ವಲ್ಪ ನೀರು ಒಳಗಿನ ತಟ್ಟೆಗೆ ಇಳಿದು, ನಾಲ್ಕು ಮೂಲೆಗಳಲ್ಲಿರುವ ಕೊಳವೆಗಳ ಮೂಲಕ ಕಂಬಗಳ ಒಳಗಿನಿಂದ ಕಾರಿನ ಕೆಳಗೆ ಹೋಗುವಂತೆ ಅದನ್ನು ರೂಪಿಸಲಾಗಿರುತ್ತದೆ. ಗಾಜು ಬದಲಿಸಿದ ಮೇಲೆ ಪ್ರತಿ ಮೂಲೆಗೂ ಲೋಟದಷ್ಟು ನೀರನ್ನು ನಿಧಾನವಾಗಿ ಸುರಿದು, ಅದು ಚಕ್ರಗಳ ಬಳಿ ಬೀಳುವುದನ್ನು ನೋಡಬೇಕು. ಬೀಳದಿದ್ದರೆ ಕೊಳವೆಯಲ್ಲಿ ಹರಳೋ ಮಣ್ಣೋ ಕಟ್ಟಿಕೊಂಡಿದೆ ಎಂದರ್ಥ. ಗಾಜು ಸೋರುತ್ತಿದೆ ಎಂಬ ದೂರುಗಳಲ್ಲಿ ಅನೇಕವು ವಾಸ್ತವವಾಗಿ ಕೊಳವೆ ಕಟ್ಟಿದ ದೂರುಗಳು. ಹೆಚ್ಚು ಒತ್ತಡದ ಗಾಳಿಯನ್ನು ಹಾಯಿಸಿದರೆ ಕೊಳವೆಯು ಒಳಗೇ ಕಳಚಿಕೊಳ್ಳಬಹುದಾದ್ದರಿಂದ ಮೃದುವಾದ ನೈಲಾನ್ ತಂತಿಯನ್ನು ಬಳಸುವುದು ಸುರಕ್ಷಿತ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪ್ರದೇಶ

ಕೆಎ-24 ನೋಂದಣಿ ಸಂಖ್ಯೆಯ ಈ ಸೀಮೆಯಲ್ಲಿ ಗಾಜಿಗೆ ಎದುರಾಗುವ ಅಪಾಯಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಭಿನ್ನ. ಕಿತ್ತೂರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಅಲ್ಲಿ ಭಾರಿ ವಾಹನಗಳ ಹಿಂದೆ ವೇಗವಾಗಿ ಸಾಗುವಾಗ ಸಿಡಿಯುವ ಕಲ್ಲು ಮುಖ್ಯ ಶತ್ರು. ಬೈಲಹೊಂಗಲ ಮತ್ತು ಎಂ.ಕೆ. ಹುಬ್ಬಳ್ಳಿ ಸುತ್ತಲಿನ ರಸ್ತೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಮಿತಿಮೀರಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳಿಗೆ ತೀರ ಹತ್ತಿರವಾಗಿ ಹಿಂಬಾಲಿಸದಿರುವುದು ಛಾವಣಿಗೂ ಮುಂಗಾಜಿಗೂ ಕ್ಷೇಮ. ಸವದತ್ತಿ ಮತ್ತು ರಾಮದುರ್ಗದ ಎರೆಭೂಮಿಯ ಧೂಳು ಬೇಸಿಗೆಯಲ್ಲಿ ಹಿಟ್ಟಿನಂತೆ ನುಣ್ಣಗಿರುತ್ತದೆ, ನೀರು ತಾಕಿದೊಡನೆ ಜಿಗುಟಾಗಿ ಉಬ್ಬುತ್ತದೆ. ಹಳಿಗೆ ಹಚ್ಚಿದ ಗ್ರೀಸಿನೊಡನೆ ಸೇರಿದಾಗ ಅದು ಅರಗಿನಂತಾಗಿ ಸನ್‌ರೂಫ್ ಅರ್ಧದಲ್ಲೇ ನಿಲ್ಲಲು ಕಾರಣವಾಗುತ್ತದೆ. ಮುಂಗಾರಿಗೆ ಮೊದಲು ಹಳಿ ಮತ್ತು ಕೊಳವೆಗಳನ್ನು ಒರೆಸಿಡುವುದು ಇಲ್ಲಿ ಬೇರೆಡೆಗಿಂತ ಹೆಚ್ಚು ಅಗತ್ಯ.

ಅಧಿಕೃತ ಸರ್ವಿಸ್ ಕೇಂದ್ರಗಳಿಗಾಗಿ ಇಲ್ಲಿನವರು ಹೆಚ್ಚಾಗಿ ಬೆಳಗಾವಿ ಅಥವಾ ಹುಬ್ಬಳ್ಳಿ-ಧಾರವಾಡವನ್ನು ಅವಲಂಬಿಸಿದ್ದಾರೆ. ಕಿತ್ತೂರಿನಿಂದ ಧಾರವಾಡ ಸುಮಾರು 30 ಕಿ.ಮೀ., ಸವದತ್ತಿಯಿಂದ ಸುಮಾರು 40 ಕಿ.ಮೀ.; ರಾಮದುರ್ಗದಿಂದ ಬೆಳಗಾವಿ ಸುಮಾರು 100 ಕಿ.ಮೀ. ಸನ್‌ರೂಫ್ ಗಾಜು ಸದಾ ದಾಸ್ತಾನಿನಲ್ಲಿರುವ ಬಿಡಿಭಾಗವಲ್ಲವಾದ್ದರಿಂದ, ಚಾಸಿ ಸಂಖ್ಯೆಯನ್ನು ದೂರವಾಣಿಯಲ್ಲಿ ತಿಳಿಸಿ ಗಾಜು ಬಂದ ಬಳಿಕವೇ ಕಾರನ್ನು ಒಯ್ಯುವುದು ಜಾಣತನ. ಈ ಕಾಯುವಿಕೆಯ ದಿನಗಳಲ್ಲೇ ಅಕ್ರಿಲಿಕ್ ಹಾಳೆಯನ್ನೋ ಸಾದಾ ಗಾಜನ್ನೋ ಕೂರಿಸುವ ಆಮಿಷ ಹುಟ್ಟುವುದು. ಸಾದಾ ಗಾಜು ಒಡೆದರೆ ಚೂರಿಯಂತಹ ಉದ್ದನೆಯ ಚೂರುಗಳಾಗಿ ನೇರವಾಗಿ ತಲೆಯ ಮೇಲೆ ಬೀಳುತ್ತದೆ. ಛಾವಣಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾರನ್ನು ಮನೆಯ ಮುಂದೆ ನಿಲ್ಲಿಸುವುದೇ ಮೇಲು.

ಕಾನೂನು ಮತ್ತು ವಿಮೆ

ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮವು ವಾಹನಗಳ ಗಾಜು ಸುರಕ್ಷಾ ಗಾಜಾಗಿರಬೇಕೆಂದು ವಿಧಿಸುತ್ತದೆ. ಭಾರತೀಯ ಮಾನಕ ಐಎಸ್ 2553ರ ಎರಡನೆಯ ಭಾಗವು ವಾಹನಗಳ ಸುರಕ್ಷಾ ಗಾಜಿಗೆ ಸಂಬಂಧಿಸಿದ್ದು. ಹೊಸ ಗಾಜಿನ ಮೂಲೆಯಲ್ಲಿ ಅಳಿಸಲಾಗದಂತೆ ಕೊರೆದ ತಯಾರಕರ ಹೆಸರು ಮತ್ತು ಮಾನಕದ ಗುರುತನ್ನು ಹಣ ಕೊಡುವ ಮೊದಲೇ ಪರಿಶೀಲಿಸಬೇಕು. ಸನ್‌ರೂಫ್ ಇಲ್ಲದ ಕಾರಿನ ಛಾವಣಿಯನ್ನು ಕತ್ತರಿಸಿ ಹೊಸದಾಗಿ ಅಳವಡಿಸುವುದು ಬೇರೆಯೇ ವಿಷಯ. ಅದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ವ್ಯಾಪ್ತಿಗೆ ಬರುವ ಮಾರ್ಪಾಡು.

ಸಮಗ್ರ ವಿಮೆ ಇದ್ದರೆ ಆಕಸ್ಮಿಕವಾಗಿ ಒಡೆದ ಗಾಜಿಗೆ ಪರಿಹಾರ ದೊರೆಯುತ್ತದೆ. ಕೇವಲ ಮೂರನೆಯ ವ್ಯಕ್ತಿಯ ವಿಮೆಗೆ ಈ ಪ್ರಯೋಜನವಿಲ್ಲ. ರೂಢಿಯಲ್ಲಿರುವ ನಿಯಮದಂತೆ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50 ಕಡಿತವಿದೆ. ಆದರೆ ಒಮ್ಮೆ ಪರಿಹಾರ ಪಡೆದರೆ, ಪ್ರತ್ಯೇಕ ರಕ್ಷಣೆ ಕೊಂಡಿರದಿದ್ದಲ್ಲಿ, ಮುಂದಿನ ವರ್ಷ ಶೇಕಡಾ 20ರಿಂದ 50ರವರೆಗೆ ಸಿಗಬಹುದಾಗಿದ್ದ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಐದು ವರ್ಷ ಪರಿಹಾರ ಕೇಳದವರು ಈ ಎರಡು ಮೊತ್ತಗಳನ್ನು ತೂಗಿ ನೋಡುವುದು ಲೇಸು. ಹೊರಗಿನ ಹೊಡೆತದಿಂದ ಒಡೆದ ಗಾಜು ಸಾಮಾನ್ಯವಾಗಿ ಕಂಪನಿಯ ವಾರಂಟಿಗೆ ಒಳಪಡುವುದಿಲ್ಲ.

ತೆರೆದ ಛಾವಣಿಯ ಅಪಾಯ

ಗಾಜಿನ ದುರಸ್ತಿಗಿಂತ ಗಂಭೀರವಾದುದು ಸನ್‌ರೂಫ್‌ನ ದುರ್ಬಳಕೆ. ಚಲಿಸುವ ಕಾರಿನ ಛಾವಣಿಯಿಂದ ಮಕ್ಕಳು ತಲೆ ಹೊರಹಾಕಿ ನಿಲ್ಲುವುದು ಮದುವೆಯ ದಿಬ್ಬಣಗಳಲ್ಲಿ, ಜಾತ್ರೆಯ ಪ್ರಯಾಣಗಳಲ್ಲಿ ಕಾಣುವ ದೃಶ್ಯ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೀಗೆ ನಿಂತಿದ್ದ ಬಾಲಕನೊಬ್ಬನ ತಲೆಗೆ, ಭಾರಿ ವಾಹನಗಳನ್ನು ತಡೆಯಲು ರಸ್ತೆಗೆ ಅಡ್ಡಲಾಗಿ ಹಾಕಿದ್ದ ಕಬ್ಬಿಣದ ತೊಲೆ ಬಡಿದು ಅವನು ಗಾಯಗೊಂಡನು. ಗಾಜು ಮುಚ್ಚಿದ್ದರೂ ಕಾರು ಪಲ್ಟಿಯಾದಾಗ ಟಫನ್ಡ್ ಗಾಜು ಪುಡಿಯಾಗಿ ಛಾವಣಿಯಲ್ಲಿ ದೊಡ್ಡ ತೆರಪು ಉಳಿಯುತ್ತದೆ; ಸೀಟ್ ಬೆಲ್ಟ್ ಧರಿಸದವರು ಅದರ ಮೂಲಕ ಹೊರಗೆ ಎಸೆಯಲ್ಪಡುವ ಸಂಭವವಿದೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಹಾಳೆಯಂತೆ ಒಟ್ಟಾಗಿ ನಿಲ್ಲುವುದರಿಂದ ಕೆಲವು ತಯಾರಕರು ಛಾವಣಿಗೂ ಅದನ್ನೇ ಬಳಸುತ್ತಿದ್ದಾರೆ. ಅಂತಹ ಕಾರಿನ ಗಾಜನ್ನು ಬದಲಿಸುವಾಗ, ಬೆಲೆ ಕಡಿಮೆಯೆಂದು ಟಫನ್ಡ್ ಫಲಕವನ್ನು ಕೂರಿಸಬಾರದು.