ಮಾರ್ಕ್ ನಾಫ್ಲರ್

ಬ್ರಿಟನ್ನಿನ ರಾಕ್ ಗಿಟಾರ್ ವಾದಕ, ಗಾಯಕ, ಗೀತರಚನಕಾರ, ಚಲನಚಿತ್ರ ಸಂಗೀತ ನಿರ್ದೇಶಕ. ಡೈರ್ ಸ್ಟ್ರೇಟ್ಸ್ ತಂಡದ ಜೀವಾಳ. ಹುಟ್ಟಿದ್ದು 1949ರ ಆಗಸ್ಟ್ 12ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ. ತಂದೆ ಹಂಗೆರಿಯ ಯಹೂದಿ ವಾಸ್ತುಶಿಲ್ಪಿ, ನಾತ್ಸಿಗಳ ಹಾವಳಿಯಿಂದ ಪಾರಾಗಿ ಬ್ರಿಟನ್ನಿಗೆ ಬಂದು ನೆಲೆಸಿದವರು. ಮಾರ್ಕ್‌ಗೆ ಏಳು ವರ್ಷವಾದಾಗ ಕುಟುಂಬ ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿದ್ದ ತಾಯಿಯ ಊರು ಬ್ಲೈತ್‌ಗೆ ಬಂತು. ಕಲ್ಲಿದ್ದಲು ಗಣಿ, ಹಡಗುಕಟ್ಟೆಗಳ ಆ ಸೀಮೆಯ ಜನ ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ.

ನಾಫ್ಲರ್ ಮೊದಲು ಪತ್ರಕರ್ತರು. ಹುಡುಗನಾಗಿದ್ದಾಗ ನ್ಯೂಕ್ಯಾಸಲ್‌ನ ದಿನಪತ್ರಿಕೆಯೊಂದರಲ್ಲಿ ಸುದ್ದಿ ಹಾಳೆಗಳನ್ನು ಮೇಜಿನಿಂದ ಮೇಜಿಗೆ ತಲುಪಿಸುವ ಕೆಲಸ ಮಾಡಿದರು. ಅದೇ ಕಚೇರಿಯಲ್ಲಿ ಉಪಸಂಪಾದಕರಾಗಿದ್ದವರು ಕವಿ ಬೇಸಿಲ್ ಬಂಟಿಂಗ್. ಅರ್ಧ ಶತಮಾನದ ನಂತರ, 2015ರ ‘ಟ್ರ್ಯಾಕರ್’ ಆಲ್ಬಂನಲ್ಲಿ ನಾಫ್ಲರ್ ಆ ಕವಿಯ ಮೇಲೊಂದು ಹಾಡು ಕಟ್ಟಿದರು. ಲೀಡ್ಸ್‌ನಲ್ಲಿ ‘ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಕಿರಿಯ ವರದಿಗಾರರಾಗಿದ್ದು, ಬಳಿಕ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪದವಿ ಪಡೆದರು. ಎಸೆಕ್ಸ್‌ನ ಕಾಲೇಜೊಂದರಲ್ಲಿ ಪಾಠವನ್ನೂ ಹೇಳಿದರು. ಅವರ ಗೀತರಚನೆಯನ್ನು ಈ ವರದಿಗಾರಿಕೆಯಿಂದ ಬೇರ್ಪಡಿಸಿ ನೋಡಲಾಗದು. ತಮ್ಮ ಅಳಲನ್ನು ತೋಡಿಕೊಳ್ಳುವ ರಾಕ್ ಹಾಡುಗಾರರು ಬೇಕಾದಷ್ಟಿದ್ದ ಕಾಲದಲ್ಲಿ ಇವರು ಪರರ ಮಾತಿಗೆ ಕಿವಿಗೊಟ್ಟರು.

ತಮ್ಮ ಡೇವಿಡ್, ಜಾನ್ ಇಲ್ಸ್‌ಲಿ, ಪಿಕ್ ವಿದರ್ಸ್ ಜೊತೆ 1977ರಲ್ಲಿ ಲಂಡನ್ನಿನಲ್ಲಿ ಡೈರ್ ಸ್ಟ್ರೇಟ್ಸ್ ಕಟ್ಟಿದರು. ಮೊದಲು ಹೆಸರು ತಂದ ‘ಸುಲ್ತಾನ್ಸ್ ಆಫ್ ಸ್ವಿಂಗ್’ (1978) ಹಾಡಿನ ವಸ್ತು, ಮಳೆಯ ರಾತ್ರಿ ಖಾಲಿ ಪಬ್ಬೊಂದರಲ್ಲಿ ತಮ್ಮ ಪಾಡಿಗೆ ತಾವು ನುಡಿಸುತ್ತಿದ್ದ ಜಾಝ್ ವಾದಕರು. ‘ಮನಿ ಫಾರ್ ನಥಿಂಗ್’ (1985) ಹುಟ್ಟಿದ್ದು ನ್ಯೂಯಾರ್ಕಿನ ಗೃಹೋಪಯೋಗಿ ವಸ್ತುಗಳ ಅಂಗಡಿಯಲ್ಲಿ. ಸಾಲಾಗಿಟ್ಟ ಟಿವಿಗಳಲ್ಲಿ ಸಂಗೀತದ ಚಾನೆಲ್ ನೋಡುತ್ತ ಅಲ್ಲಿನ ಕೆಲಸಗಾರನೊಬ್ಬ ಗೊಣಗುತ್ತಿದ್ದ. ನಾಫ್ಲರ್ ಪೆನ್ನು, ಕಾಗದ ಕೇಳಿ ಪಡೆದು, ಮಾರಾಟಕ್ಕಿಟ್ಟ ಮಾದರಿ ಅಡುಗೆಮನೆಯಲ್ಲೇ ಕುಳಿತು ಅವನ ಮಾತನ್ನು ಬರೆದುಕೊಂಡರು. ಈ ಹಾಡಿದ್ದ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಂ ಸುಮಾರು ಮೂರು ಕೋಟಿ ಪ್ರತಿ ಮಾರಾಟವಾಯಿತು. ಸಿಡಿ ಮನೆಮಾತಾಗಲು ಇದರ ಕೊಡುಗೆ ದೊಡ್ಡದು. ಹೆಣ್ಣಿನ ಬಾಯಲ್ಲೇ ಒಪ್ಪುತ್ತದೆಂದು ತಾವು ಹಾಡದೆ ಬಿಟ್ಟಿದ್ದ ‘ಪ್ರೈವೇಟ್ ಡ್ಯಾನ್ಸರ್’ ಅನ್ನು ಟೀನಾ ಟರ್ನರ್‌ಗೆ ಕೊಟ್ಟರು. 1984ರ ಆ ಧ್ವನಿಮುದ್ರಣದಲ್ಲಿ ಗಿಟಾರ್ ನುಡಿಸಿದವರು ಜೆಫ್ ಬೆಕ್.

ನಾಫ್ಲರ್ ಎಡಗೈಯವರಾದರೂ ಗಿಟಾರ್ ಹಿಡಿಯುವುದು ಬಲಗೈಯವರಂತೆ. ಪಿಕ್ ಬಳಸದೆ, ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳಿಂದಲೇ ತಂತಿ ಮೀಟುತ್ತಾರೆ. ಇದರಿಂದ ಒಂದೊಂದು ಸ್ವರದ ತೂಕವೂ ಬೇರೆಯಾಗಿ, ವಾದನ ಮಾತಿನಂತೆ ಕೇಳಿಸುತ್ತದೆ. ಚಲನಚಿತ್ರಕ್ಕೆ ಅವರು ತಂದ ಬಂಡವಾಳ ಇದೇ.

ಮೊದಲ ಚಿತ್ರ ಬಿಲ್ ಫೋರ್ಸೈತ್ ನಿರ್ದೇಶನದ ‘ಲೋಕಲ್ ಹೀರೊ’ (1983). ಸ್ಕಾಟ್ಲೆಂಡಿನ ಕಡಲತೀರದ ಹಳ್ಳಿಯೊಂದನ್ನು ಇಡಿಯಾಗಿ ಕೊಳ್ಳಲು ಟೆಕ್ಸಾಸ್‌ನ ತೈಲ ಕಂಪನಿ ಕಳಿಸಿದ ಅಧಿಕಾರಿ, ಅದೇ ಹಳ್ಳಿಗೆ ಮನಸೋಲುವ ಕಥೆ. ನಾಫ್ಲರ್ ಇಲ್ಲಿ ರಾಕ್‌ನ ಅಬ್ಬರವನ್ನು ಪೂರ್ತಿ ಬದಿಗಿಟ್ಟರು. ಸ್ಕಾಟಿಷ್ ಜಾನಪದದ ಧಾಟಿ, ಮೆಲುದನಿಯ ಗಿಟಾರ್, ನಡುನಡುವೆ ಬಿಡುವು. ಅಧಿಕಾರಿ ಹ್ಯೂಸ್ಟನ್‌ನ ತನ್ನ ಮನೆಗೆ ಮರಳಿದ ಮೇಲೆ ಹಳ್ಳಿಯ ಟೆಲಿಫೋನ್ ಬೂತಿನಲ್ಲಿ ಗಂಟೆ ಬಾರಿಸತೊಡಗುತ್ತದೆ. ಚಿತ್ರವನ್ನು ಮುಗಿಸುವ ‘ಗೋಯಿಂಗ್ ಹೋಮ್’ ಅಲ್ಲಿ ಮೇಲೇಳುತ್ತದೆ, ಮೈಕೆಲ್ ಬ್ರೆಕರ್ ಅವರ ಸ್ಯಾಕ್ಸೊಫೋನ್ ಅದಕ್ಕೆ ಜೊತೆಗೂಡುತ್ತದೆ. ಪಾತ್ರ ಬಾಯಿಬಿಟ್ಟು ಹೇಳದ ಹಂಬಲವನ್ನೆಲ್ಲ ಆ ರಾಗ ಹೇಳಿಬಿಡುತ್ತದೆ. ನಾಫ್ಲರ್ ಬರೆದದ್ದರಲ್ಲೆಲ್ಲ ಶ್ರೇಷ್ಠವಾದುದು ಇದೇ ಎಂದರೆ ಉತ್ಪ್ರೇಕ್ಷೆಯಾಗದು. ನ್ಯೂಕ್ಯಾಸಲ್ ಯುನೈಟೆಡ್ ಫುಟ್ಬಾಲ್ ತಂಡದ ತವರು ಮೈದಾನದಲ್ಲಿ ಈ ರಾಗ ಇಂದಿಗೂ ಮೊಳಗುತ್ತದೆ.

ಉತ್ತರ ಐರ್ಲೆಂಡಿನ ಹಿಂಸಾಚಾರದ ನಡುವಿನ ಪ್ರೇಮಕಥೆ ‘ಕ್ಯಾಲ್’ಗೆ (1984) ಲಿಯಮ್ ಓಫ್ಲಿನ್ ಅವರ ಐರಿಷ್ ಪೈಪ್‌ವಾದ್ಯವನ್ನು ಬಳಸಿಕೊಂಡರು. ರಾಬ್ ರೈನರ್‌ರ ‘ದ ಪ್ರಿನ್ಸೆಸ್ ಬ್ರೈಡ್’ (1987) ಸಂಗೀತದಲ್ಲಿ ವಾದ್ಯವೃಂದದ ಬದಲು ಹೆಚ್ಚಾಗಿ ಎಲೆಕ್ಟ್ರಾನಿಕ್ ಕೀಬೋರ್ಡ್ ಇದ್ದು, ಅದು ಆ ಕಾಲದ ಗುರುತನ್ನು ಹೊತ್ತಿದೆ. ಚಿತ್ರಕ್ಕಾಗಿ ವಿಲ್ಲಿ ಡೆವಿಲ್ ಬರೆದ ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ‘ಲಾಸ್ಟ್ ಎಕ್ಸಿಟ್ ಟು ಬ್ರೂಕ್ಲಿನ್’ (1989), ‘ವ್ಯಾಗ್ ದ ಡಾಗ್’ (1997), ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಜೊತೆಗೂಡಿ ಮಾಡಿದ ‘ಅಲ್ಟಾಮಿರಾ’ (2016) ಉಳಿದ ಮುಖ್ಯ ಚಿತ್ರಗಳು.

1995ರಲ್ಲಿ ಡೈರ್ ಸ್ಟ್ರೇಟ್ಸ್ ಮುಗಿದ ಮೇಲೆ ಅವರ ಹಾಡುಗಳಿಗೂ ಚಿತ್ರಸಂಗೀತದ ಸಂಯಮ ಬಂತು. ‘ಸೇಲಿಂಗ್ ಟು ಫಿಲಡೆಲ್ಫಿಯಾ’ (2000) ಶೀರ್ಷಿಕೆ ಗೀತೆಯಲ್ಲಿ ಅಮೆರಿಕದ ಗಡಿರೇಖೆ ಎಳೆದ ಮೋಜಣಿದಾರರಾದ ಮೇಸನ್ ಮತ್ತು ಡಿಕ್ಸನ್ ಮಾತಾಡುತ್ತಾರೆ. ಡಿಕ್ಸನ್ ನಾಫ್ಲರ್ ಬೆಳೆದ ಸೀಮೆಯವನೇ. ‘ಶಾಂಗ್ರಿ-ಲಾ’ ಆಲ್ಬಂ ಹೊರಬಂದ ಮರುವರ್ಷ, 2005ರ ಮಾರ್ಚ್‌ನಲ್ಲಿ, ಮುಂಬಯಿ ಮತ್ತು ಬೆಂಗಳೂರಿನಲ್ಲಿ ಕಛೇರಿ ನೀಡಿದರು.

‘ಲೋಕಲ್ ಹೀರೊ’ 2019ರಲ್ಲಿ ಎಡಿನ್‌ಬರೊದಲ್ಲಿ ಸಂಗೀತ ನಾಟಕವಾದಾಗ ಅದಕ್ಕೆ ಹೊಸ ಹಾಡುಗಳನ್ನು ಬರೆದುಕೊಟ್ಟರು. 2024ರಲ್ಲಿ ಕ್ಯಾನ್ಸರ್ ಪೀಡಿತ ಹದಿಹರೆಯದವರ ನೆರವಿಗಾಗಿ ‘ಗೋಯಿಂಗ್ ಹೋಮ್’ ಮತ್ತೆ ಮುದ್ರಣಗೊಂಡಿತು. ಎರಿಕ್ ಕ್ಲಾಪ್ಟನ್, ಡೇವಿಡ್ ಗಿಲ್ಮೋರ್, ಬ್ರಿಯಾನ್ ಮೇ ಸೇರಿದಂತೆ ಹಲವಾರು ಗಿಟಾರ್ ವಾದಕರು ನುಡಿಸಿದ ಈ ಆವೃತ್ತಿಯಲ್ಲಿ, 2023ರಲ್ಲಿ ತೀರಿಕೊಂಡ ಜೆಫ್ ಬೆಕ್ ಅವರ ಕೊನೆಯ ಧ್ವನಿಮುದ್ರಣವೂ ಸೇರಿದೆ.