ಪ್ರಾಜೆಕ್ಟ್‌ಗೆ 15ಕ್ಕೆ ಎಷ್ಟು, ಯಾಕೆ ಅಷ್ಟು? ರೂಬ್ರಿಕ್, ತಾಳೆಪಟ್ಟಿ, ಮೊಬೈಲ್ ಬಳಸಿ ಅಂಕ ಹಾಕೋದು ಹೇಗೆ: ಇಲ್ಲಿದೆ ಪೂರ್ಣ ಮಾಹಿತಿ

ಹೈಸ್ಕೂಲ್‌ಗಳಲ್ಲಿ ಎಫ್‌ಎ ಬಂತು ಅಂದ್ರೆ ತಾಲೂಕು ಕೇಂದ್ರದ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲ್ ಶೀಟ್, ಕಲರ್ ಪೇಪರ್, ಫೆವಿಕಾಲ್‌ಗೆ ಬೇಡಿಕೆ. ಡಿಟಿಪಿ ಸೆಂಟರ್‌ನಲ್ಲಿ ಹತ್ತು ಪುಟದ ಪ್ರಾಜೆಕ್ಟ್ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿಸೋಕೆ ಸಾಲು. ಕೆಲವು ಕಡೆ ರೆಡಿ ಮಾದರಿಯೇ ಸಿಗುತ್ತೆ, ದುಡ್ಡು ಕೊಟ್ಟರೆ ಸಾಕು. ಕೊನೆಗೆ ಮನೆಗೆ ಬರೋದು ಒಂದು ಅಂಕೆ ಮಾತ್ರ: 15ಕ್ಕೆ 13 ಅಥವಾ 15ಕ್ಕೆ 8. ಎರಡು ಅಂಕ ಎಲ್ಲಿ ಹೋಯ್ತು, ಏಳು ಅಂಕ ಎಲ್ಲಿ ಹೋಯ್ತು ಅಂತ ಮಗುವಿಗೂ ಗೊತ್ತಿರಲ್ಲ, ಪೋಷಕರಿಗೂ ಗೊತ್ತಿರಲ್ಲ.

ಇದಕ್ಕೆ ಸರಳ ಪರಿಹಾರ ಇದೆ. ಯಾವುದಕ್ಕೆ ಎಷ್ಟು ಅಂಕ ಅನ್ನೋದನ್ನ ಮೊದಲೇ ಬರೆದು ಎಲ್ಲರಿಗೂ ತೋರಿಸೋದು. ಆ ಬರಹದ ಹೆಸರೇ ತಾಳೆಪಟ್ಟಿ ಮತ್ತು ರೂಬ್ರಿಕ್. ಅದನ್ನ ಮೊಬೈಲ್, ಕಂಪ್ಯೂಟರ್‌ನಲ್ಲಿ ಬಳಸೋದು ಹೇಗೆ, ಎಲ್ಲಿ ಎಡವುತ್ತಾರೆ, ಪೋಷಕರು ಏನು ಕೇಳಬಹುದು ಅನ್ನೋ ವಿವರ ಇಲ್ಲಿದೆ.

ಯಾವ ಅಂಕದ ಮಾತು ಇದು?

ಎಸ್‌ಎಸ್‌ಎಲ್‌ಸಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ ಪ್ರಥಮ ಭಾಷೆಯಲ್ಲಿ 25, ಉಳಿದ ವಿಷಯಗಳಲ್ಲಿ ತಲಾ 20 ಆಂತರಿಕ ಅಂಕ. ಕೂಡಿದರೆ 125. ಅಂದ್ರೆ ಒಟ್ಟು ಅಂಕದ ಐದನೇ ಒಂದು ಭಾಗವನ್ನ ಪರೀಕ್ಷಾ ಕೇಂದ್ರದಲ್ಲಿ ಬರೆಯೋದಲ್ಲ, ಶಾಲೆಯೊಳಗೇ ಕೊಡೋದು.

ಸಿಸಿಇ ಪದ್ಧತಿಯಲ್ಲಿ ಒಂದು ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದ್ರೆ ಎಫ್‌ಎಗೆ, 50 ಅಂಕ. 15 ಅಂಕದ ಎರಡು ಚಟುವಟಿಕೆ, 20 ಅಂಕದ ಕಿರು ಪರೀಕ್ಷೆ. ವರ್ಷಕ್ಕೆ ಇಂಥ ನಾಲ್ಕು. ಒಟ್ಟು 200 ಅಂಕವನ್ನ 20ಕ್ಕೆ, ಪ್ರಥಮ ಭಾಷೆಯಲ್ಲಾದರೆ 25ಕ್ಕೆ ಇಳಿಸೋದು. ಕಿರು ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಸಿಗುತ್ತೆ, ತಪ್ಪು ಎಲ್ಲಿ ಅಂತ ನೋಡಬಹುದು. ಚಟುವಟಿಕೆಯ ಅಂಕಕ್ಕೆ ಅಂಥ ಕಾಗದ ಇರೋದು ಕಡಿಮೆ. ತೊಂದರೆ ಇರೋದು ಅಲ್ಲೇ.

ಇಂಥ ಮೌಲ್ಯಮಾಪನ ಬೇಕು ಅನ್ನೋದು ಹೊಸ ಮಾತಲ್ಲ. ಮಗುವಿನ ತಿಳಿವಳಿಕೆ ಮತ್ತು ಅದನ್ನ ಬಳಸೋ ಸಾಮರ್ಥ್ಯವನ್ನ ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಬಾಯಿಪಾಠ ಬಿಟ್ಟು ಮಾಡಿ ತೋರಿಸೋದಕ್ಕೆ ಒತ್ತು ಕೊಡಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆದರೆ ಮಾಡಿ ತೋರಿಸಿದ್ದನ್ನ ಅಳೆಯೋದು ಬರೆದಿದ್ದನ್ನ ಅಳೆಯೋದಕ್ಕಿಂತ ಕಷ್ಟ. ಅದಕ್ಕೇ ಅಳತೆಗೋಲು ಬೇಕು.

ತಾಳೆಪಟ್ಟಿ ಅಂದ್ರೆ ಏನು?

ಇದೆಯಾ, ಇಲ್ವಾ? ಮಾಡಿದ್ರಾ, ಇಲ್ವಾ? ಇಷ್ಟೇ ಕೇಳೋದು ತಾಳೆಪಟ್ಟಿ, ಅಂದ್ರೆ ಚೆಕ್‌ಲಿಸ್ಟ್. ಡ್ರೈವಿಂಗ್ ಲೈಸೆನ್ಸ್‌ಗೆ ಬೈಕ್‌ನಲ್ಲಿ 8 ಹಾಕಿದವರಿಗೆ ಇದು ಗೊತ್ತು. ಕಾಲು ನೆಲಕ್ಕೆ ತಾಗಿತಾ? ಇಂಡಿಕೇಟರ್ ಹಾಕಿದ್ರಾ? ಹೆಲ್ಮೆಟ್ ಇತ್ತಾ? ಇಲ್ಲಿ ಅರ್ಧ ಅಂಕ ಅನ್ನೋ ಮಾತೇ ಇಲ್ಲ. ಸ್ವಯಂಚಾಲಿತ ಟ್ರ್ಯಾಕ್ ಇರೋ ಕಡೆ ಇಂಥ ಹಲವು ತಪ್ಪುಗಳನ್ನ ಸೆನ್ಸರ್, ಕ್ಯಾಮೆರಾಗಳೇ ದಾಖಲಿಸುತ್ತವೆ.

ಶಾಲೆಯಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಬರ್ನರ್ ಹಚ್ಚೋ ಮೊದಲು ಸುತ್ತಲಿನ ಸಾಮಾನು ಸರಿಸಿದ್ರಾ, ಅಳತೆ ಬರೆದುಕೊಂಡ್ರಾ, ಕೆಲಸ ಮುಗಿದ ಮೇಲೆ ತೊಳೆದಿಟ್ರಾ ಅಂತ ಟಿಕ್ ಹಾಕುತ್ತಾ ಹೋದರೆ ಸಾಕು.

ರೂಬ್ರಿಕ್ ಅಂದ್ರೆ ಏನು?

ಎಷ್ಟು ಚೆನ್ನಾಗಿ ಮಾಡಿದ್ರು ಅಂತ ಕೇಳಬೇಕಾದಾಗ ಟಿಕ್ ಸಾಲಲ್ಲ. ಆಗ ಬೇಕಾಗೋದು ರೂಬ್ರಿಕ್. ಎಡಗಡೆ ಏನೇನು ನೋಡ್ತೀವಿ ಅನ್ನೋ ಅಂಶಗಳು, ಮೇಲುಗಡೆ 3, 2, 1 ಅನ್ನೋ ಹಂತಗಳು, ಮಧ್ಯದ ಪ್ರತಿ ಮನೆಯಲ್ಲೂ ಆ ಹಂತದ ಕೆಲಸ ಹೇಗಿರುತ್ತೆ ಅನ್ನೋ ಒಂದು ವಾಕ್ಯ. ಆ ವಾಕ್ಯಗಳೇ ರೂಬ್ರಿಕ್‌ನ ಜೀವ. 'ಉತ್ತಮ', 'ಸಾಧಾರಣ' ಅಂತ ಬರೆದರೆ ಅದು ರೂಬ್ರಿಕ್ ಆಗಲ್ಲ, ಹಳೇ ಅಂದಾಜಿಗೇ ಹೊಸ ಚೌಕಟ್ಟು ಹಾಕಿದ ಹಾಗೆ.

ರೂಬ್ರಿಕ್ ಅನ್ನೋ ಪದ ಬಂದಿದ್ದು ಕೆಂಪು ಬಣ್ಣ ಅನ್ನೋ ಅರ್ಥದ ಲ್ಯಾಟಿನ್ ಮೂಲದಿಂದ. ಹಳೇ ಹಸ್ತಪ್ರತಿಗಳಲ್ಲಿ ತಲೆಬರಹ, ಸೂಚನೆಗಳನ್ನ ಕೆಂಪು ಶಾಯಿಯಲ್ಲಿ ಬರೀತಿದ್ರು. ಮೇಷ್ಟ್ರ ಕೆಂಪು ಪೆನ್ನಿಗೆ ಈ ಹೆಸರು ಚೆನ್ನಾಗೇ ಹೊಂದುತ್ತೆ.

ಉದಾಹರಣೆ: 15 ಅಂಕದ ಒಂದು ರೂಬ್ರಿಕ್

ವಿಷಯ: ನಮ್ಮೂರಿನ ಮೂರು ಬಗೆಯ ಮಣ್ಣಿನಲ್ಲಿ ನೀರು ಎಷ್ಟು ಬೇಗ ಇಳಿಯುತ್ತೆ? ಐದು ಅಂಶ, ಒಂದೊಂದಕ್ಕೆ 3 ಅಂಕ. ಏನೂ ಇಲ್ಲದಿದ್ದರೆ 0.

- ಪ್ರಶ್ನೆ: ಏನು ತಿಳಿಯೋಕೆ ಹೊರಟಿದ್ದು ಅಂತ ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿದ್ದರೆ 3. ಪ್ರಶ್ನೆ ಇದೆ, ಆದರೆ ಅಳೆಯೋಕೆ ಆಗದ ಹಾಗಿದ್ದರೆ 2. ಬರೀ ತಲೆಬರಹ ಇದ್ದರೆ 1.
- ಕೆಲಸ ಮತ್ತು ದಾಖಲೆ: ತಾನೇ ಅಳೆದು, ಮೂರೂ ಮಣ್ಣಿನ ಲೆಕ್ಕ ಬರೆದಿದ್ದರೆ 3. ಒಂದೆರಡು ಅಳತೆ ಬಿಟ್ಟುಹೋಗಿದ್ದರೆ 2. ಮಾಡಿದ್ದು ಗೊತ್ತಾಗುತ್ತೆ, ಲೆಕ್ಕ ಇಲ್ಲ ಅಂದ್ರೆ 1.
- ವಿಜ್ಞಾನ: ಮರಳಿನ ಕಣ ದಪ್ಪ, ಸಂದು ದೊಡ್ಡದು, ನೀರು ಬೇಗ ಇಳಿಯುತ್ತೆ, ಜೇಡಿಮಣ್ಣಿನ ಕಣ ಸಣ್ಣದು, ನೀರು ನಿಲ್ಲುತ್ತೆ ಅನ್ನೋ ಕಾರಣವನ್ನ ತನ್ನ ಅಳತೆಗೆ ಜೋಡಿಸಿದ್ದರೆ 3. ಕಾರಣ ಸರಿ, ಜೋಡಣೆ ಇಲ್ಲದಿದ್ದರೆ 2. ಕಾರಣ ಅರೆಬರೆ ಇದ್ದರೆ 1.
- ಸ್ವಂತ ಮಾತು: ನೋಡಿಕೊಳ್ಳದೆ ವಿವರಿಸಿ, ಕೇಳಿದ ಎರಡು ಪ್ರಶ್ನೆಗೂ ಉತ್ತರ ಕೊಟ್ಟರೆ 3. ಒಂದಕ್ಕೆ ಕೊಟ್ಟರೆ 2. ಓದಿ ಒಪ್ಪಿಸಿದರೆ 1.
- ಅಚ್ಚುಕಟ್ಟು: ನೋಡಿದ ತಕ್ಷಣ ಅರ್ಥ ಆಗುವಂತಿದ್ದರೆ 3. ಹೆಸರು ಪಟ್ಟಿಗಳು ಕೆಲವು ಇಲ್ಲದಿದ್ದರೆ 2. ಗಜಿಬಿಜಿ ಆಗಿದ್ದರೆ 1.

ಎರಡು ಮಾದರಿ, ಎರಡು ಲೆಕ್ಕ

ಇಬ್ಬರು ಮಕ್ಕಳು ಇದೇ ವಿಷಯ ತಂದಿದ್ದಾರೆ ಅಂದುಕೊಳ್ಳಿ. ಒಬ್ಬರದ್ದು ಅಂಗಡಿಯಲ್ಲಿ ಮಾಡಿಸಿದ ಥರ್ಮಾಕೋಲ್ ಮಾದರಿ. ಬಣ್ಣ ಬಳಿದಿದೆ, ಲೈಟ್ ಉರಿಯುತ್ತೆ. ಇನ್ನೊಬ್ಬರದ್ದು ಬುಡ ಕತ್ತರಿಸಿದ ಮೂರು ನೀರಿನ ಬಾಟಲಿ. ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ, ಹಿತ್ತಲು, ಹೊಲ, ಕೆರೆಯಂಗಳದ ಮಣ್ಣು ಸಮನಾಗಿ ತುಂಬಿ, ಒಂದೇ ಅಳತೆ ನೀರು ಹಾಕಿ, ಹತ್ತು ನಿಮಿಷಕ್ಕೆ ಎಷ್ಟು ಇಳಿಯಿತು ಅಂತ ನೋಟ್‌ಬುಕ್ ಹಾಳೆಯಲ್ಲಿ ಬರೆದಿದ್ದಾರೆ.

ಮೇಲಿನ ರೂಬ್ರಿಕ್ ಪ್ರಕಾರ ಥರ್ಮಾಕೋಲ್‌ಗೆ ಪ್ರಶ್ನೆ 1, ಕೆಲಸ 0, ವಿಜ್ಞಾನ 2, ಸ್ವಂತ ಮಾತು 1, ಅಚ್ಚುಕಟ್ಟು 3. ಒಟ್ಟು 7. ಬಾಟಲಿಗೆ 3, 3, 2, 3, 1. ಒಟ್ಟು 12.

ಈಗ ರೂಬ್ರಿಕ್ ಬದಲಾಯಿಸಿ ನೋಡಿ. ಅಚ್ಚುಕಟ್ಟಿಗೆ 9, ವಿಜ್ಞಾನಕ್ಕೆ 3, ಮಾತಿಗೆ 3 ಅಂತ ಇಟ್ಟರೆ ಥರ್ಮಾಕೋಲ್‌ಗೆ 9, 2, 1 ಸೇರಿ 12. ಬಾಟಲಿಗೆ 3, 2, 3 ಸೇರಿ 8. ಮಕ್ಕಳು ಅವರೇ, ಕೆಲಸ ಅದೇ, ಫಲಿತಾಂಶ ಮಾತ್ರ ತಿರುಗಾಮುರುಗಾ.

ಇಲ್ಲಿ ಯಾವ ಆ್ಯಪ್ ಬಳಸಿದರೂ ಕೂಡುವ ಲೆಕ್ಕ ಸರಿಯಾಗೇ ಬರುತ್ತೆ. ಯಾವುದಕ್ಕೆ ಎಷ್ಟು ತೂಕ ಅಂತ ಮೊದಲು ಮಾಡುವ ತೀರ್ಮಾನವೇ ದುಡ್ಡಿರೋ ಮನೆ, ಇಲ್ಲದ ಮನೆಯ ಮಗುವಿನ ನಡುವಿನ ಅಂತರವನ್ನ ಹೆಚ್ಚು ಮಾಡೋದು ಅಥವಾ ಕಡಿಮೆ ಮಾಡೋದು.

ಮೊಬೈಲ್‌ನಲ್ಲಿ ಮಾಡೋದು ಹೇಗೆ?

*ಗೂಗಲ್ ಶೀಟ್ಸ್:* ಅತಿ ಸರಳ. ಮೊದಲ ಕಾಲಮ್‌ನಲ್ಲಿ ಕ್ರಮಸಂಖ್ಯೆ, ಮುಂದಿನ ಐದರಲ್ಲಿ ಐದು ಅಂಶ, ಕೊನೆಯದರಲ್ಲಿ ಮೊತ್ತದ ಸೂತ್ರ. ಅಂಕದ ಮನೆಗಳಿಗೆ ಡ್ರಾಪ್‌ಡೌನ್ ಇಟ್ಟು 0, 1, 2, 3 ಮಾತ್ರ ಕೊಟ್ಟರೆ ಬೆರಳು ತಪ್ಪಿ 33 ಬೀಳಲ್ಲ. ತಾಳೆಪಟ್ಟಿಗೆ ಚೆಕ್‌ಬಾಕ್ಸ್ ಹಾಕಿ, ಎಷ್ಟು ಟಿಕ್ ಬಿತ್ತು ಅಂತ ಎಣಿಸೋ ಸೂತ್ರ ಇಡಬಹುದು. ಫೈಲನ್ನ ಮೊದಲೇ ಆಫ್‌ಲೈನ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ನಡೆಯುತ್ತೆ.

*ಗೂಗಲ್ ಫಾರ್ಮ್ಸ್:* ಒಬ್ಬರಿಗಿಂತ ಹೆಚ್ಚು ಜನ ಅಂಕ ಹಾಕುವಾಗ ಅನುಕೂಲ. 'ಮಲ್ಟಿಪಲ್ ಚಾಯ್ಸ್ ಗ್ರಿಡ್' ಅನ್ನೋ ಪ್ರಶ್ನೆ ಬಗೆ ಆರಿಸಿ, ಸಾಲುಗಳಿಗೆ ಅಂಶಗಳನ್ನ, ಕಾಲಮ್‌ಗಳಿಗೆ ಬರೀ ಅಂಕೆಗಳನ್ನ ಕೊಡಿ. ಪ್ರತಿ ಸಾಲಿಗೂ ಉತ್ತರ ಕಡ್ಡಾಯ ಅನ್ನೋ ಆಯ್ಕೆ ಒತ್ತಿ. ಎಲ್ಲರ ಅಂಕ ಒಂದೇ ಶೀಟ್‌ಗೆ ಬಂದು ಬೀಳುತ್ತೆ. ಇದಕ್ಕೆ ಇಂಟರ್ನೆಟ್ ಬೇಕೇ ಬೇಕು.

*ಗೂಗಲ್ ಕ್ಲಾಸ್‌ರೂಮ್:* ಇದರಲ್ಲಿ ರೂಬ್ರಿಕ್‌ಗೇ ಪ್ರತ್ಯೇಕ ಜಾಗ ಇದೆ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತಯಾರಿಸಬೇಕು. ಒಂದು ರೂಬ್ರಿಕ್‌ಗೆ 50 ಅಂಶದವರೆಗೆ, ಒಂದು ಅಂಶಕ್ಕೆ 10 ಹಂತದವರೆಗೆ ಹಾಕಬಹುದು. ಆದರೆ ನಾಲ್ಕೈದು ಅಂಶ ಸಾಕು, ಜಾಸ್ತಿಯಾದರೆ ಯಾರೂ ಓದಲ್ಲ. ಮಕ್ಕಳು ಕೆಲಸ ಶುರು ಮಾಡೋ ಮೊದಲೇ ರೂಬ್ರಿಕ್ ನೋಡಬಹುದು ಅನ್ನೋದು ದೊಡ್ಡ ಲಾಭ.

*ಕೋಬೊ ಟೂಲ್‌ಬಾಕ್ಸ್:* ಸಮೀಕ್ಷೆಗೆ ಬಳಸೋ ಈ ಸಾಧನದ ಆಂಡ್ರಾಯ್ಡ್ ಆ್ಯಪ್ ನೆಟ್ ಇಲ್ಲದೆಯೂ ಫಾರ್ಮ್ ತುಂಬಿಸಿಕೊಳ್ಳುತ್ತೆ, ಸಿಗ್ನಲ್ ಸಿಕ್ಕಾಗ ಕಳಿಸುತ್ತೆ. ಗುಡ್ಡದಾಚೆಯ ಶಾಲೆಗಳಿಗೆ ಉಪಯೋಗ.

ಅಂಕದ ಪಕ್ಕ ಒಂದು ಸಾಲು ಟಿಪ್ಪಣಿ ಬರೆಯೋಕೆ ಟೈಮ್ ಇಲ್ಲ ಅನ್ನೋರಿಗೆ ಕನ್ನಡ ಧ್ವನಿ ಟೈಪಿಂಗ್ ಇದೆ. ಕೀಬೋರ್ಡ್‌ನ ಮೈಕ್ ಒತ್ತಿ 'ಅಳತೆ ಚೆನ್ನಾಗಿದೆ, ಕಾರಣ ಇನ್ನೂ ಬಿಡಿಸಿ ಹೇಳು' ಅಂದ್ರೆ ಮುಗೀತು.

ಶೀಟ್‌ನ ಇನ್ನೊಂದು ಉಪಯೋಗ ಇದೆ. ಪ್ರತಿ ಕಾಲಮ್‌ನ ಕೆಳಗೆ ಸರಾಸರಿ ಹಾಕಿ. 'ಸ್ವಂತ ಮಾತು' ಕಾಲಮ್‌ನಲ್ಲಿ ಇಡೀ ತರಗತಿಯ ಸರಾಸರಿ 1ರ ಹತ್ತಿರ ಬಂದರೆ, ಸರಿ ಆಗಬೇಕಾಗಿದ್ದು ಒಂದು ಮಗು ಅಲ್ಲ, ಪಾಠ ಮಾಡೋ ರೀತಿ.

ಎಲ್ಲಿ ಎಡವುತ್ತಾರೆ?

- ಉಲ್ಟಾ ತುಂಬೋದು: 'ಇವನಿಗೆ 14' ಅಂತ ಮೊದಲೇ ತೀರ್ಮಾನಿಸಿ, 14 ಬರುವ ಹಾಗೆ ಕಾಲಮ್ ತುಂಬಿದರೆ ಯಾವ ಶೀಟೂ ಹಿಡಿಯಲ್ಲ. ಇದು ಎಲ್ಲಕ್ಕಿಂತ ದೊಡ್ಡ ದೋಷ.
- ಪರಿಚಯದ ಪ್ರಭಾವ: ಜಾಣ ಅಂತ ಹೆಸರಾದ ಮಗುವಿಗೆ ಎಲ್ಲ ಕಾಲಮ್‌ನಲ್ಲೂ 3 ಬೀಳುತ್ತೆ. ತಪ್ಪಿಸೋಕೆ ಒಂದು ಅಂಶವನ್ನ ಎಲ್ಲ ಮಕ್ಕಳಿಗೂ ಹಾಕಿ ಮುಗಿಸಿ, ಆಮೇಲೆ ಮುಂದಿನ ಅಂಶಕ್ಕೆ ಹೋಗಬೇಕು.
- ಎಲ್ಲರಿಗೂ ನಡುವಿನ ಅಂಕ: ಹಂತಗಳು ಮೂರೇ ಇದ್ದರೆ ಕೈ ನಡುವಿನದಕ್ಕೇ ಹೋಗುತ್ತೆ. ನಾಲ್ಕು ಹಂತ ಇದ್ದರೆ ಯೋಚನೆ ಮಾಡಲೇಬೇಕಾಗುತ್ತೆ.
- ಕೆಲಸ ಮುಗಿದ ಮೇಲೆ ರೂಬ್ರಿಕ್ ತೋರಿಸೋದು: ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಿಗೆ

ಕ್ಲಸ್ಟರ್, ತಾಲೂಕು, ಜಿಲ್ಲೆ ಅಂತ ಮೇಲೇರುವ ಸ್ಪರ್ಧೆಗಳಲ್ಲಿ ತೀರ್ಪಿನ ಬಗ್ಗೆ ತಕರಾರು ಬರೋದು ಸಾಮಾನ್ಯ. ಭಾಷಣಕ್ಕೆ ವಿಷಯ, ಸ್ಪಷ್ಟತೆ, ಹಾವಭಾವ, ಸಮಯಪಾಲನೆ ಅಂತ ರೂಬ್ರಿಕ್ ಮಾಡಿ, ಮೂವರು ತೀರ್ಪುಗಾರರು ಬೇರೆಬೇರೆಯಾಗಿ ಫಾರ್ಮ್ ತುಂಬಿದರೆ ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣಲ್ಲ. ಸ್ಪರ್ಧೆಗೆ ಮೊದಲು ಒಂದು ಮಾದರಿ ಭಾಷಣ ಕೇಳಿ ಮೂವರೂ ಅಂಕ ಹಾಕಿ ನೋಡಬೇಕು. ಒಂದೇ ಅಂಶಕ್ಕೆ ಒಬ್ಬರು 3, ಇನ್ನೊಬ್ಬರು 1 ಕೊಟ್ಟರೆ ಆ ವಾಕ್ಯ ಸ್ಪಷ್ಟವಾಗಿಲ್ಲ ಅಂತಲೇ ಅರ್ಥ. ಅದನ್ನ ತಿದ್ದಿ ಶುರು ಮಾಡಿದರೆ ಆಮೇಲಿನ ಜಗಳ ಅರ್ಧ ಕಡಿಮೆ.

ಮಕ್ಕಳ ಮಾಹಿತಿ ಜೋಪಾನ

ಇಡೀ ತರಗತಿಯ ಅಂಕಪಟ್ಟಿಯ ಫೋಟೊವನ್ನ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಬಾರದು. ಲಿಂಕ್ ಇದ್ದವರೆಲ್ಲ ನೋಡುವಂತೆ ಶೀಟ್ ಬಿಡಬಾರದು. ಹೆಸರಿನ ಬದಲು ಕ್ರಮಸಂಖ್ಯೆ ಬಳಸೋದು ಒಳ್ಳೇದು. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ವಿಡಿಯೊ ಮಾಡೋದಿದ್ದರೆ ಮೊದಲೇ ಕೇಳಬೇಕು.

ಪೋಷಕರು ಏನು ಕೇಳಬಹುದು?

ಪೋಷಕರ ಸಭೆಯಲ್ಲಿ ಅಥವಾ ಎಸ್‌ಡಿಎಂಸಿ ಮೂಲಕ ಈ ನಾಲ್ಕು ಪ್ರಶ್ನೆ ಕೇಳಿದರೆ ಸಾಕು:

1. ಈ ಚಟುವಟಿಕೆಗೆ ಯಾವ ಅಂಶಕ್ಕೆ ಎಷ್ಟು ಅಂಕ?
2. ಅದನ್ನ ಮಕ್ಕಳಿಗೆ ಮೊದಲೇ ತೋರಿಸಿದ್ದೀರಾ?
3. ನಮ್ಮ ಮಗುವಿಗೆ ಯಾವ ಅಂಶದಲ್ಲಿ ಅಂಕ ಕಡಿಮೆ ಆಯ್ತು?
4. ಮುಂದಿನ ಸಲ ಅದು ಹೆಚ್ಚಬೇಕಾದರೆ ಏನು ಮಾಡಬೇಕು?

ಮಗುವಿನ ಅಂಕ ಜಾಸ್ತಿ ಮಾಡಿ ಅಂತ ಕೇಳೋದು ಬೇರೆ, ಲೆಕ್ಕ ತೋರಿಸಿ ಅಂತ ಕೇಳೋದು ಬೇರೆ. ಎರಡನೆಯದಕ್ಕೆ ಸಂಕೋಚ ಬೇಡ. ರೂಬ್ರಿಕ್ ಬಳಸೋ ಶಿಕ್ಷಕರಿಗೂ ಇದರಿಂದ ರಕ್ಷಣೆ, ಪಕ್ಷಪಾತ ಅಂತ ಯಾರಾದರೂ ಅಂದ್ರೆ ತೋರಿಸೋಕೆ ದಾಖಲೆ ಇರುತ್ತೆ.

ಅಂಗಡಿಯವರಿಗೂ ಒಂದು ಮಾತು

ಹೊಸ ಹುಡುಗರಿಗೆ ಮೊಬೈಲ್ ರಿಪೇರಿ, ಟೈಲರಿಂಗ್, ಬೇಕರಿ ಕೆಲಸ ಕಲಿಸೋ ಕಡೆಯೂ ಇದೇ ವಿಧಾನ ನಡೆಯುತ್ತೆ. ಅಂಗಡಿ ತೆರೆಯೋ, ಮುಚ್ಚೋ ಕೆಲಸಕ್ಕೆ ತಾಳೆಪಟ್ಟಿ. ಹೊಲಿಗೆ ನೇರ ಇದೆಯಾ, ಅಳತೆ ಕೂತಿದೆಯಾ ಅನ್ನೋದಕ್ಕೆ ರೂಬ್ರಿಕ್. ಸಂಬಳ ಹೆಚ್ಚಿಸುವಾಗ ಯಾಕೆ ಹೆಚ್ಚು, ಯಾಕೆ ಕಡಿಮೆ ಅಂತ ಹೇಳೋಕೆ ಇಬ್ಬರಿಗೂ ಒಂದೇ ಹಾಳೆ.

ಸ್ಟೇಷನರಿ ಅಂಗಡಿಯವರು ಇನ್ನೊಂದು ಕೆಲಸ ಮಾಡಬಹುದು. ಪ್ರಾಜೆಕ್ಟ್ ಕೇಳಿಕೊಂಡು ಬಂದ ಮಗುವಿಗೆ ರೆಡಿ ಮಾದರಿ ಎತ್ತಿಕೊಡೋ ಮೊದಲು 'ಮೇಷ್ಟ್ರು ಯಾವುದಕ್ಕೆ ಅಂಕ ಕೊಡ್ತಾರೆ, ಕೇಳಿಕೊಂಡು ಬಂದಿದ್ದೀಯಾ?' ಅಂತ ಕೇಳಿ ನೋಡಿ. ಹಾಳೆ, ಗಮ್, ಅಳತೆಪಟ್ಟಿ ಹೇಗೂ ನಿಮ್ಮಲ್ಲೇ ತಗೋಬೇಕು. ಕೆಲಸ ಮಾತ್ರ ಅವರೇ ಮಾಡ್ಕೊಳ್ಳಲಿ.