ಮೀಟರಿಲ್ಲದವರ ಮಾತು: ನೀರಿನ ದರ ಮತ್ತು 'ಸಾರ್ವಜನಿಕ' ಎಂಬ ಪದದ ಚರಿತ್ರೆ

ದಲಿತ ವಿಮರ್ಶೆ ಎಂದಕೂಡಲೆ ಕಥೆ, ಕವಿತೆ, ಆತ್ಮಕಥೆಗಳ ಕಡೆಗೇ ನಮ್ಮ ಕಣ್ಣು ಹೋಗುತ್ತದೆ. ಪ್ರಭುತ್ವ ಬರೆಯುವ ಪಠ್ಯಗಳನ್ನು ನಾವು ಓದುವುದು ಕಡಿಮೆ. ನೀರಿನ ದರಪಟ್ಟಿ ಅಂಥದೊಂದು ಪಠ್ಯ. ಯಾರು ಲೆಕ್ಕಕ್ಕೆ ಬಂದರು, ಯಾರು ಲೆಕ್ಕದಿಂದ ಹೊರಗುಳಿದರು ಎಂಬುದು ಅದರ ಅಂಕಿಗಳಲ್ಲೇ ಇದೆ. ನಗರದಲ್ಲಿ ನೀರಿನ ದರ ಏರಿದಾಗಲೆಲ್ಲ 'ಸಾರ್ವಜನಿಕರ ಅಭಿಪ್ರಾಯ ಕೇಳಲಿಲ್ಲ' ಎಂಬ ಮಾತು ಪತ್ರಿಕೆಗಳಲ್ಲಿ ಬರುತ್ತದೆ. ಆ ಮಾತು ಸರಿಯೇ. ಆದರೆ ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಈ ಸಾರ್ವಜನಿಕರು ಅಂದರೆ ಯಾರು? ಕೇಳಬೇಕಾದ ಪಟ್ಟಿಯಲ್ಲಿ ಕೇರಿಯ ಹೆಸರು ಯಾವತ್ತಾದರೂ ಇತ್ತೆ?

ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರು ಮಂಡಿಸಿದ ನಿರ್ಣಯ ಅಂಗೀಕಾರವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ, ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದರ ತಾತ್ಪರ್ಯ. ಆ ವಾದದ ತಳಪಾಯವನ್ನು ಗಮನಿಸಬೇಕು. ಅದು ದಯೆಯ ಮೇಲೆ ನಿಂತಿರಲಿಲ್ಲ, ಖಜಾನೆಯ ಮೇಲೆ ನಿಂತಿತ್ತು. ಎಲ್ಲರ ದುಡ್ಡಿನಿಂದ ಆದದ್ದು ಎಲ್ಲರದು, ಅಷ್ಟೆ. ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ತೆರೆದಿಡಲು ಒಪ್ಪಿತು. ಒಪ್ಪಿಗೆ ಕಾಗದದ ಮೇಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರನ್ನು ಕುಡಿದರು. ಸವರ್ಣೀಯರು ಜನರ ಮೇಲೆ ಬಿದ್ದು ಹೊಡೆದರು. ಆಮೇಲೆ ಸಗಣಿ, ಗಂಜಲ ತುಂಬಿದ ಕೊಡಗಳನ್ನು ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ಹಿಂದಕ್ಕೆ ಪಡೆಯಿತು. ಕೋರ್ಟಿನ ಕೇಸು ಹತ್ತು ವರ್ಷ ಎಳೆಯಿತು. ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿಕಾಲದ ರೂಢಿ ಎಂದು ಸವರ್ಣೀಯರು ರುಜುವಾತು ಮಾಡಲಿಲ್ಲವೆಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟದ್ದು 1937ರ ಮಾರ್ಚಿನಲ್ಲಿ.

ಮಹಾಡನ್ನು ನಾವು ಸ್ವಾಭಿಮಾನದ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಅದು ಪುರಸಭೆಯ ಕಥೆಯೂ ಹೌದು. ಊರಿನ ನೀರಿನ ಬಗ್ಗೆ ನಿರ್ಣಯ ಮಾಡುವ ಮೇಜಿನ ಸುತ್ತ ಯಾರು ಕೂತಿದ್ದರು, ಯಾರ ಗಲಾಟೆಗೆ ಹೆದರಿ ನಿರ್ಣಯ ತಿರುಗಿತು ಎಂಬ ಕಥೆ. ಈ ಕಣ್ಣಿನಿಂದಲೇ ನಮ್ಮ ಬೆಂಗಳೂರನ್ನು ನೋಡಬೇಕು.

ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಕೆರೆಯ ತೂಬು ಎತ್ತಿ ಇಳಿಸುವ ನೀರುಗಂಟಿ ನಮ್ಮವನೇ. ಯಾವ ಗದ್ದೆಗೆ ಎಷ್ಟು ನೀರು, ಯಾವ ಸರದಿಯಲ್ಲಿ ಎಂಬ ಲೆಕ್ಕ ಪೂರಾ ಅವನ ತಲೆಯಲ್ಲಿ. ಆದರೆ ಅದೇ ಊರಿನ ಸೇದೋ ಬಾವಿಯ ಹಗ್ಗ ಮುಟ್ಟುವ ಹಾಗಿಲ್ಲ. ಊರೆಲ್ಲಕ್ಕೂ ನೀರು ಹಂಚುವವನಿಗೆ ನೀರಿನ ಬಗ್ಗೆ ಮಾತಾಡುವ ಹಕ್ಕಿಲ್ಲ. ಇದು ನಮ್ಮ ಜಲಚರಿತ್ರೆಯ ಮೂಲ ಇಬ್ಬಂದಿತನ.

1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿಯ ಮೊದಲ ಹಂತ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೊಳವೆಗೆ ಜಾತಿ ಗೊತ್ತಿಲ್ಲ ಅಂತ ನಮ್ಮ ಹಿರೀಕರು ನಂಬಿದರು. ಆ ನಂಬಿಕೆ ಪೂರಾ ಸುಳ್ಳೂ ಅಲ್ಲ. ಬಾವಿಕಟ್ಟೆಯಲ್ಲಿ ದೂರ ನಿಂತು, ಯಾರಾದರೂ ಎತ್ತಿ ಹೊಯ್ಯಲಿ ಅಂತ ಕಾಯುತ್ತಿದ್ದ ಹೆಂಗಸು ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಜಗಳ ಆಡುವಷ್ಟು ಮುಂದೆ ಬಂದಳು. ನಮ್ಮವರು ಹಿಡಿದ ನಲ್ಲಿಯನ್ನು ತೊಳೆದು ಹಿಡಿಯುವವರು ಇದ್ದರು, ನಿಜ. ಆದರೂ ಸರದಿ ಅನ್ನೋದು ಒಂದಿತ್ತು, ಆ ಸರದಿಯಲ್ಲಿ ಅವಳಿಗೊಂದು ಜಾಗವಿತ್ತು.

1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಆಯಿತು. ಬೀದಿ ನಲ್ಲಿಯ ನೀರಿನ ಬಿಲ್ಲನ್ನು ನಗರಪಾಲಿಕೆ ಮಂಡಳಿಗೆ ಕಟ್ಟಬೇಕಿತ್ತು. ಅಂದರೆ ಬಡವರ ನೀರಿಗೂ ದುಡ್ಡು ಹೋಗುತ್ತಿತ್ತು. ಕೊಡುವವನು ಒಬ್ಬ, ಕುಡಿಯುವವನು ಇನ್ನೊಬ್ಬ. ಈ ವ್ಯವಸ್ಥೆಯನ್ನು ಮುರಿಯುವ ತತ್ವ 1990ರ ದಶಕದಲ್ಲಿ ಹೊರಗಿನಿಂದ ಬಂತು. 1992ರ ಜನವರಿಯಲ್ಲಿ ಡಬ್ಲಿನ್ನಿನಲ್ಲಿ ಸೇರಿದ ತಜ್ಞರು ನೀರನ್ನು ಆರ್ಥಿಕ ಮೌಲ್ಯವುಳ್ಳ ಸರಕೆಂದು ಗುರುತಿಸಬೇಕು ಎಂದರು. ವಿಶ್ವಬ್ಯಾಂಕಿನ ಪರಿಭಾಷೆಯಲ್ಲಿ 'ಕೊಡುವ ಇಚ್ಛೆ' ಎಂಬ ಮಾತು ಓಡಾಡತೊಡಗಿತು. ಬಡವರು ಟ್ಯಾಂಕರಿಗೆ ಅಷ್ಟೊಂದು ಕೊಡುತ್ತಾರೆ, ಹಾಗಾಗಿ ಅವರಿಗೆ ಕೊಡುವ ಇಚ್ಛೆ ಇದೆ, ದರ ಏರಿಸಬಹುದು ಎಂಬುದು ತರ್ಕ. ಬಾಯಾರಿದವನು ಬೇರೆ ಗತಿಯಿಲ್ಲದೆ ಕೊಟ್ಟ ದುಡ್ಡನ್ನು ಅವನ ಒಪ್ಪಿಗೆ ಎಂದು ಓದುವ ಈ ವಿದ್ಯೆಗೆ ನಮ್ಮ ಕೇರಿಯಲ್ಲಿ ಬೇರೆ ಹೆಸರಿದೆ. 2000ದ ನಂತರ ಬೀದಿ ನಲ್ಲಿ ಕಡಿಮೆ ಮಾಡಿ ಮನೆಮನೆಗೆ ಮೀಟರು ಹಾಕುವುದೇ ನೀತಿಯಾಯಿತು. ಮೀಟರು ಬಂದ ಮನೆ ಗ್ರಾಹಕನಾಯಿತು. ಹಕ್ಕುಪತ್ರವಿಲ್ಲದ ಗುಡಿಸಲು, ಒಂದೇ ವಠಾರದ ಬಾಡಿಗೆ ಕೋಣೆಗಳು ಏನೂ ಆಗದೆ ಉಳಿದವು.

ಲೆಕ್ಕ ನೋಡೋಣ. 2014ರ ನವೆಂಬರಿನ ದರಪಟ್ಟಿಯಲ್ಲಿ ಮನೆ ಬಳಕೆಗೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ. 50,000 ಲೀಟರು ದಾಟಿದ ಬಳಕೆಗೆ 45 ರೂಪಾಯಿ. 15 ಲೀಟರಿನ ಪ್ಲಾಸ್ಟಿಕ್ ಕೊಡ ಅಂದುಕೊಂಡರೆ ಮೀಟರಿನ ನೀರು ಕೊಡಕ್ಕೆ ಹತ್ತೂವರೆ ಪೈಸೆ. ಮೀಟರಿಲ್ಲದವಳು ಕೊಡಕ್ಕೆ ಬರೀ ಒಂದು ರೂಪಾಯಿ ಕೊಟ್ಟಳು ಅಂತಲೇ ಇಟ್ಟುಕೊಳ್ಳಿ, ಸಾವಿರ ಲೀಟರಿಗೆ 66 ರೂಪಾಯಿ ದಾಟುತ್ತದೆ. ಕಾರು ತೊಳೆದು ಹುಲ್ಲುಹಾಸಿಗೆ ನೀರು ಬಿಡುವ ಬಂಗಲೆಯ ಮೇಲ್ದರಕ್ಕಿಂತಲೂ ಇದು ಹೆಚ್ಚು. ದರಪಟ್ಟಿಯಲ್ಲಿ ಈ ದರಕ್ಕೆ ಸಾಲೇ ಇಲ್ಲ. ಅದು ಏರಿದಾಗ ಯಾರೂ ಪ್ರಕಟಣೆ ಹೊರಡಿಸುವುದಿಲ್ಲ.

ಇಲ್ಲಿ ನಮ್ಮ ಪ್ರಗತಿಪರ ಗೆಳೆಯರೊಡನೆಯೂ ನನಗೆ ಒಂದು ತಕರಾರಿದೆ. 'ದರ ಏರಿಸಬೇಡಿ' ಎಂಬ ಘೋಷಣೆಯನ್ನು ನಾವೂ ಕೂಗಿದ್ದೇವೆ. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರಬೇಕು. ಕರೆಂಟಿನ ಖರ್ಚು ಸುಳ್ಳಲ್ಲ. 2014ರಿಂದ 2025ರ ಏಪ್ರಿಲ್‌ವರೆಗೆ ದರ ಏರಲಿಲ್ಲ. ಆ ಹತ್ತು ವರ್ಷದ ಲಾಭ ಯಾರಿಗೆ ಸಿಕ್ಕಿತು? ನಲ್ಲಿ ಇದ್ದವರಿಗೆ. ನಲ್ಲಿ ಇಲ್ಲದವರಿಗೆ ಅಗ್ಗದ ದರ ಅನ್ನೋದು ಪಕ್ಕದ ಮನೆಯ ಮದುವೆ ಊಟ, ವಾಸನೆ ಮಾತ್ರ. 2025ರ ಏಪ್ರಿಲಿನಲ್ಲಿ ಮನೆ ಬಳಕೆಯ ದರವನ್ನು ಲೀಟರಿಗೆ 0.15 ಪೈಸೆಯಿಂದ 1 ಪೈಸೆಯವರೆಗೆ ಹಂತಹಂತವಾಗಿ ಏರಿಸಿ, ಮುಂದೆ ವರ್ಷಕ್ಕೆ ಶೇ. 3ರಂತೆ ಏರಿಸುವುದಾಗಿ ಹೇಳಿದರು. ಹೆಚ್ಚು ಬಳಸುವವನಿಗೆ ಹೆಚ್ಚು ದರ ಎಂಬ ಹಂತದ ಪದ್ಧತಿಯನ್ನು ನಾನು ಒಪ್ಪುತ್ತೇನೆ. ನನ್ನ ಆಕ್ಷೇಪ ಏರಿಕೆಯ ಬಗ್ಗೆ ಅಲ್ಲ. ಏರಿಕೆಯ ದುಡ್ಡು ಯಾವ ಬೀದಿಗೆ ಕೊಳವೆಯಾಗಿ ಬರುತ್ತದೆ ಎಂದು ಕೇಳುವ ಜಾಗ ನಮಗಿಲ್ಲ ಎಂಬ ಬಗ್ಗೆ.

ಕರೆಂಟಿಗಾದರೆ ಅಂಥ ಜಾಗ ಒಂದಿದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ದರ ನಿಗದಿಗೆ ಮೊದಲು ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಕರ್ನಾಟಕದ ಆಯೋಗ ವಿಚಾರಣೆ ನಡೆಸುತ್ತದೆ. ಕೈಗಾರಿಕಾ ಸಂಘಗಳು, ರೈತ ಸಂಘಟನೆಗಳು ಹೋಗಿ ವಾದಿಸುತ್ತವೆ. ನಗರದ ನೀರಿಗೆ ನಮ್ಮಲ್ಲಿ ಅಂಥ ಆಯೋಗವಿಲ್ಲ. ಮಂಡಳಿ ಪ್ರಸ್ತಾವ ಕಳಿಸುತ್ತದೆ, ಸರ್ಕಾರ ಒಪ್ಪುತ್ತದೆ, ನಮಗೆ ಪೇಪರಿನಲ್ಲಿ ಗೊತ್ತಾಗುತ್ತದೆ. ನಾಳೆ ಅಂಥದೊಂದು ವಿಚಾರಣೆ ಬಂದರೂ ಬೆಳಗ್ಗೆ ಹನ್ನೊಂದಕ್ಕೆ, ಲಿಖಿತ ಆಕ್ಷೇಪಣೆಯೊಂದಿಗೆ, ಬಿಲ್ಲಿನ ನಂಬರು ಬರೆದು ಬರಬೇಕು ಅಂದರೆ ಮನೆಗೆಲಸದ ಹೆಂಗಸು ಹೇಗೆ ಬಂದಾಳು? 'ನಮ್ಮನ್ಯಾರ್ ಕೇಳ್ತಾರೆ ಬುಡಿ ಸ್ವಾಮಿ' ಎಂಬ ಮಾತು ನಿರಾಸೆಯದಲ್ಲ, ಅನುಭವದ್ದು.

ಇನ್ನೊಂದು ಸಾಲು ಅದೇ ಬಿಲ್ಲಿನಲ್ಲಿದೆ: ಒಳಚರಂಡಿ ಶುಲ್ಕ. ನಗರ ನೀರು ಕುಡಿದು ಬಿಟ್ಟದ್ದನ್ನು ಸಾಗಿಸುವ ಖರ್ಚು. 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆಮೇಲೆ 1993ರ ಕಾಯ್ದೆ, 2013ರ ಕಾಯ್ದೆ. ಆದರೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸಾಯುವುದು ನಿಲ್ಲಲಿಲ್ಲ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಗರದ ನೀರಿನ ವ್ಯವಸ್ಥೆಯಲ್ಲಿ ನಮ್ಮ ಜೀವಕ್ಕೆ ಕೋರ್ಟು ದರ ಕಟ್ಟಿದೆ, ನಮ್ಮ ಮಾತಿಗೆ ಯಾರೂ ಕಟ್ಟಿಲ್ಲ. ನೀರುಗಂಟಿಯ ಇಬ್ಬಂದಿತನ ಕೆರೆ ಏರಿಯಿಂದ ಇಳಿದು ಮ್ಯಾನ್‌ಹೋಲಿನವರೆಗೆ ಬಂದಿದೆ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರು ನೀರು, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಆ ಹಳ್ಳಿಗಳೆಲ್ಲ ನಮ್ಮ ಹಳ್ಳಿಗಳಂತೆಯೇ, ಊರು ಬೇರೆ ಕೇರಿ ಬೇರೆ. ಕೊಳವೆ ಊರಿನ ಮುಂದೆ ನಿಲ್ಲುತ್ತದೋ ಕೇರಿಯವರೆಗೂ ಬರುತ್ತದೋ ಎಂಬುದೇ ಈಗಿನ ಪ್ರಶ್ನೆ. ಅದಕ್ಕೇ ನಮ್ಮ ಬೇಡಿಕೆ ಸ್ಪಷ್ಟವಿರಲಿ. ದರ ಏರಿಸುವ ಮುನ್ನ ವಿಚಾರಣೆ ಕಾನೂನಿನಿಂದ ಕಡ್ಡಾಯವಾಗಬೇಕು. ಅದು ಕೇರಿಯಲ್ಲಿ, ಕೆಲಸ ಬಿಟ್ಟ ಮೇಲೆ ಸಂಜೆ ನಡೆಯಬೇಕು. ಬಾಯಿಮಾತನ್ನೂ ಆಕ್ಷೇಪಣೆ ಎಂದು ಬರೆದುಕೊಳ್ಳಬೇಕು. ಕೊಡದ ದರವೂ ಪ್ರಸ್ತಾವದ ಕಡತದಲ್ಲಿರಬೇಕು. ಒಳಚರಂಡಿಗೆ ಮನುಷ್ಯನನ್ನು ಇಳಿಸದಿರಲು ಯಂತ್ರಕ್ಕೆಷ್ಟು ಎಂಬ ಲೆಕ್ಕವನ್ನೂ ಅದರ ಜೊತೆಗೇ ಇಡಬೇಕು.

ಇಂಥ ಸಭೆಗೆ ಸರ್ಕಾರಿ ಕನ್ನಡದಲ್ಲಿ 'ಅಹವಾಲು ಸಭೆ' ಅನ್ನುತ್ತಾರೆ. ಅಹವಾಲು ಕೆಳಗೆ ನಿಂತವನು ಮೇಲೆ ಕೂತವನಿಗೆ ಹೇಳಿಕೊಳ್ಳುವ ಮಾತು. ಮಹಾಡಿನಲ್ಲಿ ನಮ್ಮವರು ಅಹವಾಲು ಸಲ್ಲಿಸಲಿಲ್ಲ. ಎಲ್ಲರ ದುಡ್ಡಿನ ಕೆರೆಯಲ್ಲಿ ತಮ್ಮ ಪಾಲಿನ ನೀರು ಕುಡಿದರು. ದರದ ಸಭೆಗೂ ನಾವು ಹಾಗೆಯೇ ಹೋಗಬೇಕಾಗಿದೆ.